ಕಿಡಿಯ ಸಾಧಕ ಕೆಟರಿಂಗ್

ಇಂಧನ ತುಂಬಿದ್ದರೂ, ಯಂತ್ರಭಾಗಗಳೆಲ್ಲ ದೃಢವಾಗಿದ್ದರೂ, ತಕ್ಕ ಕ್ಷಣದಲ್ಲಿ ವಿದ್ಯುತ್ ಕಿಡಿ ಹಾರದಿದ್ದರೆ ಪೆಟ್ರೋಲ್ ಎಂಜಿನ್ ಜಡವಸ್ತುವೇ ಸರಿ. ಆ ಕಿಡಿಯನ್ನು ನಂಬಿಕೆಗೆ ಅರ್ಹವಾಗಿಸಿದವರಲ್ಲಿ ಚಾರ್ಲ್ಸ್ ಕೆಟರಿಂಗ್ ಪ್ರಮುಖನು.

ಅವನು 1876ರ ಆಗಸ್ಟ್ 29ರಂದು ಅಮೆರಿಕದ ಓಹಾಯೊ ರಾಜ್ಯದ ಲೌಡನ್‌ವಿಲ್ ಬಳಿಯ ರೈತ ಕುಟುಂಬದಲ್ಲಿ ಜನಿಸಿದನು. ಬಾಲ್ಯದಿಂದಲೂ ಅವನ ದೃಷ್ಟಿ ಮಂದ. ಕೆಲಕಾಲ ಉಪಾಧ್ಯಾಯನಾಗಿದ್ದು ವಿಶ್ವವಿದ್ಯಾಲಯ ಸೇರಿದನಾದರೂ ಕಣ್ಣಿನ ಬೇನೆಯಿಂದ ಓದನ್ನು ನಿಲ್ಲಿಸಬೇಕಾಯಿತು. ಎದೆಗುಂದದೆ ದೂರವಾಣಿ ತಂತಿ ಎಳೆಯುವವರ ತಂಡದಲ್ಲಿ ದುಡಿದನು. ಮತ್ತೆ ಕಾಲೇಜಿಗೆ ಮರಳಿ 1904ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದಾಗ ಅವನಿಗೆ ಇಪ್ಪತ್ತೇಳು ವರ್ಷ.

ಡೇಟನ್ ನಗರದ ನಗದು ಯಂತ್ರಗಳ ಕಾರ್ಖಾನೆಯಲ್ಲಿ ಅವನಿಗೆ ಉದ್ಯೋಗ ದೊರೆಯಿತು. ಬಿಡುವಿನ ವೇಳೆಯಲ್ಲಿ ಅವನು ಗೆಳೆಯ ಎಡ್ವರ್ಡ್ ಡೀಡ್ಸನ ಮನೆಯ ಕೊಟ್ಟಿಗೆಯಲ್ಲಿ ಪ್ರಯೋಗ ನಡೆಸುತ್ತಿದ್ದನು. ಅಂದಿನ ಅನೇಕ ಕಾರುಗಳಲ್ಲಿ ನಡುಗುವ ಲೋಹದ ತುದಿಗಳು ಕಿಡಿಗಳನ್ನು ಸಾಲುಸಾಲಾಗಿ ಹಾರಿಸುತ್ತಿದ್ದವು. ಇದರಿಂದ ಬ್ಯಾಟರಿ ಬೇಗ ಬರಿದಾಗುತ್ತಿತ್ತು, ತುದಿಗಳು ಸುಡುತ್ತಿದ್ದವು. ಸರಿಯಾದ ಸಮಯಕ್ಕೆ ಬಲವಾದ ಒಂದೇ ಕಿಡಿ ಸಾಕೆಂದು ಕೆಟರಿಂಗ್ ಕಂಡುಕೊಂಡನು. 1909ರಲ್ಲಿ ಗೆಳೆಯರಿಬ್ಬರೂ ಡೆಲ್ಕೊ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ವ್ಯವಸ್ಥೆಯನ್ನು ಕ್ಯಾಡಿಲಾಕ್ ಕಾರುಗಳಲ್ಲಿ ಅಳವಡಿಸಲಾಯಿತು. ಅವನ ವಿದ್ಯುತ್ ಸ್ಟಾರ್ಟರ್ 1912ರ ಕಾರುಗಳಲ್ಲಿ ಬಂದ ಮೇಲೆ, ಹಿಡಿಕೆ ತಿರುಗಿಸಿ ಕೈ ಮುರಿದುಕೊಳ್ಳುವ ಅಪಾಯವೂ ತಗ್ಗಿತು.

ಕೆಟರಿಂಗನ ಹೆಸರಿನಿಂದಲೇ ಪ್ರಸಿದ್ಧವಾದ ಈ ವ್ಯವಸ್ಥೆಯ ತತ್ತ್ವ ಸರಳವಾದುದು. ಪಾಯಿಂಟ್‌ಗಳೆಂಬ ಎರಡು ತುದಿಗಳು ಕೂಡಿದಾಗ ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿದು ಕಾಂತಕ್ಷೇತ್ರ ಉಂಟಾಗುತ್ತದೆ. ಅವು ಬೇರೆಯಾದೊಡನೆ ಆ ಕ್ಷೇತ್ರ ಕುಸಿದು, ಸಾವಿರಾರು ವೋಲ್ಟ್ ಉತ್ಪನ್ನವಾಗಿ ಕಿಡಿ ಹಾರುತ್ತದೆ. ತುದಿಗಳು ಸುಡದಂತೆ ಕಂಡೆನ್ಸರ್ ಕಾಯುತ್ತದೆ. ಸ್ಕೂಟರಿನಂಥ ಸಣ್ಣ ಎಂಜಿನ್‌ಗಳಲ್ಲಿಯೂ ಪಾಯಿಂಟ್‌ಗಳು ದಶಕಗಳ ಕಾಲ ಇದೇ ಕೆಲಸ ಮಾಡಿದವು. ಅವುಗಳ ನಡುವಿನ ಅಂತರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಎಣ್ಣೆಯ ಪಸೆ ತಗುಲಿದರೆ, ತುದಿ ಗುಳಿಬಿದ್ದರೆ ಅಥವಾ ಅಂತರ ತಪ್ಪಿದರೆ ಎಂಜಿನ್ ನಿಲ್ಲುತ್ತಿತ್ತು. ಬಲ್ಲ ಮೆಕ್ಯಾನಿಕ್ ಎಂಜಿನ್ನನ್ನೆಲ್ಲ ಬಿಚ್ಚುತ್ತಿರಲಿಲ್ಲ; ಮೊದಲು ಕಿಡಿಯನ್ನು ಪರೀಕ್ಷಿಸಿ, ಪಾಯಿಂಟ್‌ಗಳನ್ನು ಶುಚಿಗೊಳಿಸಿ, ತೆಳುವಾದ ಅಳತೆಪಟ್ಟಿಯಿಂದ ಅಂತರವನ್ನು ಸರಿಪಡಿಸುತ್ತಿದ್ದನು.

ಕೆಟರಿಂಗನೂ ತಪ್ಪಿಗೆ ಹೊರತಾಗಿರಲಿಲ್ಲ. 1921ರಲ್ಲಿ ಅವನ ಪ್ರಯೋಗಾಲಯವು ಎಂಜಿನ್ನಿನ ಬಡಿತ ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ಕ್ರಮವನ್ನು ಕಂಡುಹಿಡಿಯಿತು. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ಕೆಲಸಗಾರರು ವಿಷವೇರಿ ಸತ್ತರೂ ಅವನು ಅದನ್ನು ಸಮರ್ಥಿಸಿದನು. ಕಾರುಗಳಿಗೆ ಆ ಪೆಟ್ರೋಲಿನ ಮಾರಾಟ ಜಗತ್ತಿನಾದ್ಯಂತ ನಿಂತದ್ದು 2021ರಲ್ಲಿ.

ಕೆಟರಿಂಗ್ 1958ರ ನವೆಂಬರ್ 25ರಂದು ನಿಧನನಾದನು. ಪಾಯಿಂಟ್‌ಗಳ ಸ್ಥಾನವನ್ನು ಈಗ ಎಲೆಕ್ಟ್ರಾನಿಕ್ ಸಾಧನಗಳು ಪಡೆದಿವೆ. ಸಣ್ಣ ದೋಷವನ್ನು ಕಡೆಗಣಿಸಬಾರದೆಂಬುದನ್ನು ಅವನ ಸಾಧನೆ ಕಲಿಸುತ್ತದೆ. ತನ್ನ ಸಾಧನೆಯ ದೋಷವನ್ನೂ ಅಷ್ಟೇ ಎಚ್ಚರದಿಂದ ನೋಡಬೇಕೆಂಬುದನ್ನು ಅವನ ತಪ್ಪು ಕಲಿಸುತ್ತದೆ.