ಚಿಂಡಿಟ್ ಪಡೆಯ ವಿಂಗೇಟ್

ನಮ್ಮ ಎನ್.ಸಿ.ಸಿ. ಶಿಬಿರದಲ್ಲಿ ಒಮ್ಮೆ ದೂರದ ನಡಿಗೆಯೊಂದನ್ನು ಏರ್ಪಡಿಸಿದ್ದರು. ಅರ್ಧ ದಾರಿಯಲ್ಲಿ ಗೆಳೆಯನೊಬ್ಬನ ಕಾಲು ಉಳುಕಿತು. ನಾವು ನಾಲ್ವರು ಸರದಿಯ ಮೇಲೆ ಅವನನ್ನು ಹೊತ್ತುಕೊಂಡು ಎಲ್ಲರಿಗಿಂತ ಹಿಂದೆ ಬಂದು ಸೇರಿದೆವು. ಆಮೇಲೆ ಕಾಲೇಜಿನ ಪುಸ್ತಕ ಭಂಡಾರದಲ್ಲಿ ಆರ್ಡ್ ವಿಂಗೇಟನ ಚರಿತ್ರೆಯನ್ನು ಓದುವಾಗ ಆ ದಿನ ಮತ್ತೆ ಮತ್ತೆ ನೆನಪಿಗೆ ಬಂದಿತು. ಶತ್ರುವಿನ ಬೆನ್ನ ಹಿಂದೆ ನುಗ್ಗಿ ಕಾದುವ ವಿಶೇಷ ಪಡೆಗಳನ್ನು ಕಟ್ಟಿದವರಲ್ಲಿ ಆತನು ಪ್ರಮುಖನು. ನಡೆಯಲಾರದವನನ್ನು ಹಿಂದೆ ಬಿಟ್ಟು ಮುಂದೆ ಸಾಗಬೇಕೆಂಬುದು ಆತನ ಪಡೆಯ ನಿಯಮವಾಗಿತ್ತು.

ವಿಂಗೇಟನು ಹುಟ್ಟಿದ್ದು ನಮ್ಮ ದೇಶದಲ್ಲಿಯೇ. ೧೯೦೩ರ ಫೆಬ್ರವರಿ ೨೬ರಂದು, ನೈನಿತಾಲಿನಲ್ಲಿ. ತಂದೆ ಸೈನ್ಯಾಧಿಕಾರಿ, ಮನೆಯಲ್ಲಿ ಬೈಬಲ್ಲಿನ ಕಟ್ಟುನಿಟ್ಟಾದ ಶ್ರದ್ಧೆ. ೧೯೨೩ರಲ್ಲಿ ಆತನು ಫಿರಂಗಿ ದಳದ ಅಧಿಕಾರಿಯಾದನು. ೧೯೩೮ರಲ್ಲಿ ಪ್ಯಾಲೆಸ್ಟೈನಿನಲ್ಲಿ ಬ್ರಿಟಿಷ್ ಸಿಪಾಯಿಗಳನ್ನೂ ಯೆಹೂದ್ಯರನ್ನೂ ಸೇರಿಸಿ ರಾತ್ರಿ ದಳಗಳನ್ನು ಕಟ್ಟಿದನು. ಆ ದಳಗಳು ಅರಬ್ ಹಳ್ಳಿಗರ ಮೇಲೆ ನಡೆಸಿದ ಕ್ರೌರ್ಯವು ಆತನ ಹೆಸರಿಗೆ ಅಂಟಿದ ಕಳಂಕ. ೧೯೪೧ರಲ್ಲಿ ಎರಡು ಸಾವಿರಕ್ಕೂ ಕಡಮೆ ಜನರ ಗಿಡಿಯನ್ ಪಡೆಯೊಡನೆ ಇಥಿಯೋಪಿಯಾದಲ್ಲಿ ಇಟಲಿಯ ದೊಡ್ಡ ಸೈನ್ಯವನ್ನು ಕಂಗೆಡಿಸಿದನು. ಮೇ ೫ರಂದು ಚಕ್ರವರ್ತಿ ಹೈಲೆ ಸೆಲಾಸಿ ಮರಳಿ ರಾಜಧಾನಿಯನ್ನು ಪ್ರವೇಶಿಸಿದನು.

ಇಷ್ಟು ಗೆದ್ದವನು ಕೆಲವೇ ವಾರಗಳಲ್ಲಿ ಕೈರೋ ನಗರದ ಹೋಟೆಲೊಂದರಲ್ಲಿ ಮಲೇರಿಯಾ ಜ್ವರದಿಂದಲೂ ಮನೋವ್ಯಥೆಯಿಂದಲೂ ಬೆಂದು, ತನ್ನ ಕುತ್ತಿಗೆಗೆ ತಾನೇ ಚೂರಿ ಹಾಕಿಕೊಂಡನು. ಪಕ್ಕದ ಕೋಣೆಯ ಅಧಿಕಾರಿಯೊಬ್ಬನು ಸದ್ದು ಕೇಳಿ ಬಂದುದರಿಂದ ಜೀವ ಉಳಿಯಿತು. ಪರರ ಕೈಯಿಂದ ಬದುಕಿದವನೇ ಮುಂದೆ ಆ ಕಠಿಣ ನಿಯಮವನ್ನು ಮಾಡಿದನೆಂಬುದು ನನ್ನನ್ನು ಬೆರಗುಗೊಳಿಸಿತು.

೧೯೪೨ರಲ್ಲಿ ಸೇನಾಪತಿ ವೇವೆಲನು ಆತನನ್ನು ಭಾರತಕ್ಕೆ ಕರೆಸಿಕೊಂಡನು. ಆಗ ಬರ್ಮಾ ಜಪಾನೀಯರ ವಶವಾಗುತ್ತಿತ್ತು. ವಿಂಗೇಟನು ಕಟ್ಟಿದ ಪಡೆಗೆ ಚಿಂಡಿಟ್ ಎಂದು ಹೆಸರಾಯಿತು. ಬರ್ಮೀಯರ ದೇವಾಲಯಗಳ ಬಾಗಿಲು ಕಾಯುವ ಸಿಂಹದ ಹೆಸರಿನಿಂದ ಬಂದ ಪದವದು. ಇದರಲ್ಲಿದ್ದವರು ಆಯ್ದ ವೀರರಲ್ಲ. ಗೂರ್ಖರು ಮತ್ತು ಬರ್ಮೀಯರೊಡನೆ ಲಿವರ್‌ಪೂಲಿನ ಕಡೆಯ ಸಂಸಾರಸ್ಥರೂ ಇದ್ದರು. ಸಾಮಾನ್ಯ ಮನುಷ್ಯನೂ ತರಬೇತಿಯಿಂದ ಕಾಡನ್ನು ಗೆಲ್ಲಬಲ್ಲನೆಂಬುದು ವಿಂಗೇಟನ ನಂಬಿಕೆ.

೧೯೪೩ರ ಫೆಬ್ರವರಿಯಲ್ಲಿ ಸುಮಾರು ೩,೦೦೦ ಮಂದಿ ಹೇಸರಗತ್ತೆಗಳೊಡನೆ ಚಿಂದ್ವಿನ್ ನದಿಯನ್ನು ದಾಟಿದರು. ರೇಡಿಯೋ ಮೂಲಕ ಕರೆ ಹೋದರೆ ವಿಮಾನಗಳು ಆಹಾರವನ್ನು ಉದುರಿಸುತ್ತಿದ್ದವು. ರೈಲುಮಾರ್ಗವನ್ನು ಹಲವೆಡೆ ಸಿಡಿಸಿದರು. ಆದರೆ ಗಾಯಾಳುವನ್ನು ಎತ್ತಿಕೊಂಡು ಹೋಗಲು ವಿಮಾನವಿರಲಿಲ್ಲ. ಹೊತ್ತು ನಡೆದರೆ ಇಡೀ ತುಕಡಿ ಶತ್ರುವಿನ ಕೈಗೆ ಸಿಕ್ಕುತ್ತಿತ್ತು. ಆದುದರಿಂದ ನಡೆಯಲಾರದವರನ್ನು ಹಳ್ಳಿಗರ ಬಳಿಯೋ ಮರದ ನೆರಳಿನಲ್ಲೋ ಬಿಟ್ಟು ನಡೆದರು. ೮೦೦ಕ್ಕೂ ಹೆಚ್ಚು ಜನ ಹಿಂದಿರುಗಲಿಲ್ಲ. ಹಿಂದಿರುಗಿದವರಲ್ಲಿ ಬಹುಮಂದಿ ಮತ್ತೆ ಯುದ್ಧಕ್ಕೆ ಯೋಗ್ಯರಾಗಲಿಲ್ಲ.

ವಿಂಗೇಟನು ಈ ಲೆಕ್ಕವನ್ನು ಮರೆಯಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಚರ್ಚಿಲ್ಲನು ಕ್ವಿಬೆಕ್ ಸಮಾಲೋಚನೆಗೆ ಆತನನ್ನು ಕರೆದೊಯ್ದಾಗ, ಗಾಯಾಳುಗಳನ್ನು ಸಾಗಿಸಲು ಹಗುರ ವಿಮಾನಗಳನ್ನು ಕೇಳಿ ಅಮೆರಿಕನ್ನರಿಂದ ಪಡೆದನು. ೧೯೪೪ರ ಮಾರ್ಚ್ ೫ರ ರಾತ್ರಿ ಗ್ಲೈಡರುಗಳು ಕಾಡಿನ ಬಯಲಿಗೆ ಇಳಿದವು. ಕೆಲವೇ ದಿನಗಳಲ್ಲಿ ಸುಮಾರು ೯,೦೦೦ ಜನ ಶತ್ರುವಿನ ಬೆನ್ನ ಹಿಂದೆ ನೆಲೆಯೂರಿದರು. ಈ ಸಲ ನೂರಾರು ಗಾಯಾಳುಗಳು ಆ ಪುಟ್ಟ ವಿಮಾನಗಳಲ್ಲಿ ಆಸ್ಪತ್ರೆ ಸೇರಿದರು.

ಮಾರ್ಚ್ ೨೪ರಂದು ಮಣಿಪುರದ ಬಿಷ್ಣುಪುರದ ಬಳಿಯ ಗುಡ್ಡದಲ್ಲಿ ವಿಮಾನವು ಅಪ್ಪಳಿಸಿ ವಿಂಗೇಟನು ಮಡಿದನು. ಆಗ ಆತನಿಗೆ ೪೧ ವರ್ಷ. ಮಳೆಗಾಲ ಬಂದು ವಿಮಾನಗಳು ಇಳಿಯಲಾರದಾದಾಗ ಆತನ ಪಡೆಗೆ ಹಳೆಯ ಸಂಕಟವೇ ಮರಳಿತು. ಒಂದು ನೆಲೆಯನ್ನು ತೆರವು ಮಾಡುವಾಗ, ಬದುಕುವ ಆಸೆಯಿಲ್ಲದ ಗಾಯಾಳುಗಳನ್ನು ತಮ್ಮವರೇ ಗುಂಡಿಕ್ಕಿ ಕೊಂದರು.

ಆತನು ಮಹಾಪುರುಷನೋ ಹುಂಬನೋ ಎಂಬ ವಾದ ಇನ್ನೂ ನಿಂತಿಲ್ಲ. ಆತನ ಧೈರ್ಯಕ್ಕಿಂತ, ಕಾಡಿನಲ್ಲಿ ಬಿಟ್ಟು ಬಂದವರಿಗಾಗಿ ಆತನು ಕೇಳಿ ತಂದ ಆ ಪುಟ್ಟ ವಿಮಾನಗಳೇ ನನಗೆ ದೊಡ್ಡವಾಗಿ ಕಾಣುತ್ತವೆ. ನಾವು ಅಂದು ಗೆಳೆಯನನ್ನು ಹೊತ್ತು ತಂದುದರಲ್ಲಿ ಹೆಚ್ಚಿನದೇನೂ ಇರಲಿಲ್ಲ. ನಮ್ಮ ಹಿಂದೆ ಶತ್ರುವಿರಲಿಲ್ಲ.