ಕೆಜಿಎಫ್‌ನ ಡಾಕ್ಟರ್ ಕ್ಯಾಪ್ಲನ್

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತೋ ನಮಗೆ ಕೆಜಿಎಫ್ ಚಿನ್ನದ ಕಥೆ ಗೊತ್ತು. ಡಾಕ್ಟರ್ ಆಂಥನಿ ಕ್ಯಾಪ್ಲನ್ ಕಥೆ ಗೊತ್ತಾ? ಆಳದ ಬಿಸಿಗೆ ಇಲ್ಲಿನ ಗಣಿ ಕಾರ್ಮಿಕರು ಕುಸಿದು ಬೀಳೋದು ಯಾಕೆ ಅಂತ ಅಧ್ಯಯನ ಮಾಡಿ 1944ರಲ್ಲಿ ಅವರು ಪ್ರಬಂಧ ಬರೆದರು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಕೂಡ ಇಲ್ಲಿ ಶ್ವಾಸಕೋಶಗಳನ್ನು ತಿನ್ನುತ್ತಿತ್ತು. ಆಮೇಲೆ ಅವರು ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಕೆಲಸ ಮಾಡಿದರು. 1953ರಲ್ಲಿ, ಸಂಧಿವಾತ ಇರುವ ಕಲ್ಲಿದ್ದಲು ಗಣಿ ಕಾರ್ಮಿಕರ ಎದೆಯ ಎಕ್ಸ್-ರೇಯಲ್ಲಿ ದುಂಡನೆಯ ಗಂಟುಗಳನ್ನು ಗುರುತಿಸಿದರು. ಅದೇ ಕ್ಯಾಪ್ಲನ್ ಸಿಂಡ್ರೋಮ್. ಸಿಲಿಕಾ ಧೂಳು ನಮ್ಮ ರೋಗನಿರೋಧಕ ಶಕ್ತಿಯನ್ನೇ ಕೀಲುಗಳ ಮೇಲೆ ತಿರುಗಿಸಬಹುದು ಅಂತ ಈಚಿನ ಸಂಶೋಧನೆಗಳೂ ಹೇಳ್ತಿವೆ. ಸಿಲಿಕೋಸಿಸ್ ವಾಸಿಮಾಡೋ ಮದ್ದು ಇವತ್ತಿಗೂ ಇಲ್ಲ. 2001ರಲ್ಲಿ ಗಣಿ ಮುಚ್ಚಿತು, ಕಲ್ಲು ಕೊರೆಯೋ ಕೆಲಸ ನಿಂತಿಲ್ಲ. ನೀರು ಹಾಯಿಸಿ ಕೊರೆದರೆ ಧೂಳು ಕಡಿಮೆ. ನಾಳೆ ಸೈಟಿನಲ್ಲಿ ನಿಲ್ಲೋ ನಾವು ಮೊದಲು ನೋಡಬೇಕಾದ್ದು ಆ ನೀರಿನ ಪೈಪು.