ಸರ್ವಜ್ಞನನ್ನು ಅರಸಿದ ಸಭಾಪಾಲಕರು

ಹೊಸಪೇಟೆಯ ನಮ್ಮ ಸಭೆಯಲ್ಲಿ ಯೌವನಸ್ಥರ ಕೂಟವನ್ನು ನಡೆಸುವ ಹೊಣೆ ನನ್ನ ಪಾಲಿಗೆ ಬಂದು ಹಲವು ವರ್ಷಗಳಾದವು. ವೃತ್ತಿಯಿಂದ ನಾನು ಶಾಲೆಯ ಮಾಸ್ತರ. ದೈವಜ್ಞಾನವನ್ನು ಕ್ರಮವಾಗಿ ಕಲಿತವನಲ್ಲ. ಭಾನುವಾರದ ಆರಾಧನೆ ಮುಗಿದ ಮೇಲೆ ಇಪ್ಪತ್ತು ಇಪ್ಪತ್ತೈದು ಮಂದಿ ಹುಡುಗ ಹುಡುಗಿಯರು ದೇವಾಲಯದ ಹಿಂಬದಿಯ ಕೊಠಡಿಯಲ್ಲಿ ಸೇರುತ್ತಾರೆ. ಕೆಲವರು ಕಂಪ್ಲಿಯಿಂದ ಬಸ್ಸು ಹಿಡಿದು ಬರುವವರು. ಕೆಲವರು ಸಂಡೂರಿನ ಗಣಿಗಳಲ್ಲಿ ದುಡಿಯುವವರ ಮಕ್ಕಳು. ಹಾಡು, ಪ್ರಾರ್ಥನೆ, ಸತ್ಯವೇದದ ಒಂದು ಭಾಗದ ವಿವರಣೆ, ಕೊನೆಗೆ ಚಹಾ: ಇದು ನಮ್ಮ ಕೂಟದ ಕ್ರಮ. ಈ ಕ್ರಮವನ್ನು ತಪ್ಪದೆ ನಡೆಸಿಕೊಂಡು ಬಂದರೆ ನನ್ನ ಕರ್ತವ್ಯ ಮುಗಿಯಿತೆಂದು ಬಹುಕಾಲ ನಂಬಿದ್ದೆ.

ಒಂದು ವರ್ಷ ಕ್ರಿಸ್‌ಮಸ್ ಕಳೆದ ಮೇಲೆ ಕೂಟದವರನ್ನೆಲ್ಲ ಹಂಪಿಗೆ ಕರೆದುಕೊಂಡು ಹೋದೆ. ಹೇಮಕೂಟದ ಬಂಡೆಗಳ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದಾಗ, ಎಂದೂ ಹೆಚ್ಚು ಮಾತನಾಡದ ಸಂಡೂರಿನ ಕಡೆಯ ಹುಡುಗನೊಬ್ಬ ಈ ಊರು, ಈ ಕಲ್ಲು, ಈ ಇತಿಹಾಸ ನಮ್ಮದೂ ಹೌದೇ ಎಂದು ಕೇಳಿದ. ಕ್ರೈಸ್ತರ ಕಥೆ ಬೇರೆ ದೇಶದ್ದು, ಇಲ್ಲಿಯ ಕಥೆಯಲ್ಲಿ ಅವರಿಗೆ ಪಾಲಿಲ್ಲ ಎಂದು ಕಾಲೇಜಿನ ಗೆಳೆಯನೊಬ್ಬ ತಮಾಷೆಗೆಂಬಂತೆ ಅವನಿಗೆ ಅಂದಿದ್ದನಂತೆ. ಅತ್ತ ನಮ್ಮ ಸಭೆಯ ಹಿರಿಯರೊಬ್ಬರು, ಗುಡಿಗೋಪುರಗಳನ್ನು ನೋಡಲು ಯೌವನಸ್ಥರನ್ನು ಏಕೆ ಕರೆದೊಯ್ಯಬೇಕೆಂದು ಹೊರಡುವ ಮೊದಲೇ ಆಕ್ಷೇಪಿಸಿದ್ದರು. ಈ ಎರಡು ಮಾತುಗಳ ನಡುವೆ ಆ ಹುಡುಗ ಸಿಕ್ಕಿಕೊಂಡಿದ್ದ. ಭೂಮಿಯೆಲ್ಲ ದೇವರದೇ ಎಂದು ನಾನೇನೋ ಹೇಳಿದೆ. ಅವನು ತಲೆಯಾಡಿಸಿದ, ಆದರೆ ಅವನಿಗಾಗಲಿ ನನಗಾಗಲಿ ಆ ಉತ್ತರದಿಂದ ಸಮಾಧಾನವಾಗಲಿಲ್ಲ.

ಅಂದು ರಾತ್ರಿ ಮನೆಗೆ ಬಂದು ಪುಸ್ತಕದ ಕಪಾಟನ್ನು ತಡಕಾಡುತ್ತಿದ್ದಾಗ ಸರ್ವಜ್ಞನ ವಚನಗಳ ಹಳೆಯ ಸಂಪುಟ ಕೈಗೆ ಬಂತು. ಮುಖಪುಟದ ಒಳಗೆ ಸಂಪಾದಕರ ಹೆಸರಿತ್ತು: ರೆವರೆಂಡ್ ಉತ್ತಂಗಿ ಚನ್ನಪ್ಪ. ಆ ಹೆಸರನ್ನು ನಾನು ನೂರಾರು ಸಲ ನೋಡಿದ್ದೆ. ಸರ್ವಜ್ಞನ ತ್ರಿಪದಿಗಳನ್ನು ತರಗತಿಯಲ್ಲಿ ವರ್ಷ ವರ್ಷವೂ ಪಾಠ ಹೇಳಿದ್ದೆ. ಆದರೂ ಅವುಗಳನ್ನು ಕಲೆಹಾಕಿ ನಾಡಿಗೆ ಕೊಟ್ಟವರು ನಮ್ಮಂಥದೇ ಒಂದು ಸಭೆಯ ಪಾಲಕರಾಗಿದ್ದರೆಂಬ ಸಂಗತಿಯನ್ನು ನಮ್ಮ ಮಕ್ಕಳಿಗೆ ಒಮ್ಮೆಯೂ ಹೇಳಿರಲಿಲ್ಲ. ಮುಂದಿನ ಕೆಲವು ಭಾನುವಾರ ನಾನು ಅವರಿಗೆ ಹೇಳಿದ ಜೀವನವೃತ್ತಾಂತವೇ ಈ ಲೇಖನದ ಹುರುಳು.

ಚನ್ನಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ, ೧೮೮೧ರ ಅಕ್ಟೋಬರ್ ೨೮ರಂದು. ಆದರೆ ಅವರ ಹೆಸರಿನ ಮುಂದಿರುವ ಊರು ನಮ್ಮದೇ ಸೀಮೆಯದು. ಹೊಸಪೇಟೆಯಿಂದ ನೈಋತ್ಯಕ್ಕೆ ಹೋದರೆ ಹೂವಿನ ಹಡಗಲಿ. ಆ ತಾಲೂಕಿನ ಒಂದು ಹಳ್ಳಿ ಉತ್ತಂಗಿ. ೨೦೨೧ರಲ್ಲಿ ವಿಜಯನಗರ ಜಿಲ್ಲೆ ಹೊಸದಾಗಿ ಏರ್ಪಟ್ಟಾಗ ಆ ತಾಲೂಕು ಹೊಸಪೇಟೆಯ ಜೊತೆಗೇ ಅದರೊಳಗೆ ಸೇರಿತು. ಹಂಪಿಯ ವಿರೂಪಾಕ್ಷನ ಪೂಜೆಗೆ ಅಲ್ಲಿಂದ ತುಂಗಭದ್ರೆಯ ಮೇಲೆ ಹೂ ಸಾಗುತ್ತಿತ್ತೆಂದೂ, ಆದುದರಿಂದಲೇ ಊರಿಗೆ ಆ ಹೆಸರೆಂದೂ ಜನ ಹೇಳುತ್ತಾರೆ. ಚನ್ನಪ್ಪನವರ ಹಿರಿಯರು ವೀರಶೈವ ಸಂಸ್ಕಾರದ ಮನೆತನದವರು, ಕ್ರೈಸ್ತಮತವನ್ನು ಸ್ವೀಕರಿಸಿದವರು. ಮತ ಬದಲಾದರೂ ಊರಿನ ಹೆಸರನ್ನು ಆ ಮನೆತನ ಬಿಡಲಿಲ್ಲ.

ಆ ಕಾಲದ ಭೂಪಟವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಉತ್ತಂಗಿ, ಹಡಗಲಿ, ಹೊಸಪೇಟೆಗಳು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹಂಪಿಯಲ್ಲಿ ಹೊಳೆ ದಾಟಿ ಆನೆಗೊಂದಿಗೆ ಕಾಲಿಟ್ಟರೆ ಅದು ನಿಜಾಮರ ರಾಜ್ಯ. ಕನ್ನಡಿಗನೊಬ್ಬ ತನ್ನ ಭಾಷೆಯ ಜನರನ್ನು ಕಾಣಲು ಮೂರು ಸರ್ಕಾರಗಳ ಗಡಿಗಳನ್ನು ದಾಟಬೇಕಾಗಿತ್ತು. ಅದೇ ರೀತಿ ಕ್ರೈಸ್ತ ಯುವಕನೊಬ್ಬನ ಸುತ್ತ ಇನ್ನೊಂದು ಗಡಿಯಿತ್ತು. ಅದು ಮಿಷನ್ ಕಂಪೌಂಡಿನ ಗೋಡೆ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ೧೮೩೪ರಲ್ಲಿಯೂ ಧಾರವಾಡಕ್ಕೆ ೧೮೩೭ರಲ್ಲಿಯೂ ಬಂದರು. ಮತಾಂತರ ಹೊಂದಿದವರಿಗೆ ಜಾತಿಬಂಧುಗಳ ಆಸರೆ ತಪ್ಪುತ್ತಿದ್ದುದರಿಂದ ಮಿಷನ್ನೇ ಅವರಿಗೆ ಶಾಲೆ, ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳಲ್ಲಿ ಕೆಲಸ, ವಸತಿ ಎಲ್ಲವನ್ನೂ ಒದಗಿಸಬೇಕಾಯಿತು. ಇದರಿಂದ ಬಡವರ ಬಾಳು ನೆಟ್ಟಗಾಯಿತೆಂಬುದು ನಿಜ. ಆದರೆ ಅಲ್ಲಿಯೇ ಹುಟ್ಟಿ, ಅಲ್ಲಿಯೇ ಓದಿ, ಅಲ್ಲಿಯೇ ದುಡಿದು, ಅಲ್ಲಿಯೇ ಮದುವೆಯಾಗುವ ತರುಣನಿಗೆ ಗೋಡೆಯಾಚೆಯ ಜಾತ್ರೆ, ಪುರಾಣಪ್ರವಚನ, ಭಜನೆ, ಮಠಗಳ ಲೋಕ ಕ್ರಮೇಣ ದೂರವಾಗತೊಡಗಿದ್ದೂ ಅಷ್ಟೇ ನಿಜ.

ಅದೇ ಮಿಷನ್ನು ಕನ್ನಡಕ್ಕೆ ಮಾಡಿದ ಸೇವೆಯನ್ನು ಮರೆಯುವಂತಿಲ್ಲ. ಮೊದಲ ಕನ್ನಡ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ೧೮೪೩ರಲ್ಲಿ ಹೊರತಂದ ಮೊಗ್ಲಿಂಗರೂ, ೧೮೯೪ರಲ್ಲಿ ಪ್ರಕಟವಾದ ಮಹಾನಿಘಂಟಿನ ಕರ್ತೃ ಕಿಟ್ಟೆಲರೂ ಆ ಮಿಷನ್ನಿನವರೇ. ಕಿಟ್ಟೆಲರ ನಿಘಂಟು ಬೆಳಕು ಕಂಡಾಗ ಚನ್ನಪ್ಪನವರು ಇನ್ನೂ ಶಾಲೆಗೆ ಹೋಗುವ ಬಾಲಕ. ಮುಂದೆ ಅವರು ಮಂಗಳೂರಿನ ಮಿಷನ್ನಿನ ದೈವಜ್ಞಾನ ಶಾಲೆಯಲ್ಲಿ ಓದಿ, ಸಭಾಪಾಲಕರಾಗಿ ಧಾರವಾಡ ಸೀಮೆಯಲ್ಲಿ ಸೇವೆಗೆ ನಿಂತರು. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದ ಮೇಲೆ ಜರ್ಮನ್ ಪಾದ್ರಿಗಳನ್ನು ಸರ್ಕಾರ ಬಂಧನದಲ್ಲಿಟ್ಟು ಸ್ವದೇಶಕ್ಕೆ ಕಳುಹಿಸಿತು. ಸಭೆಗಳ ಭಾರವೆಲ್ಲ ಚನ್ನಪ್ಪನವರಂಥ ದೇಶೀಯರ ಹೆಗಲಿಗೆ ಬಂತು. ಹೊರಗಿನವರು ಹೊರಟುಹೋದ ಮೇಲೆ ಈ ಸಭೆ ಯಾರದು, ಇದು ಯಾವ ನೆಲದಲ್ಲಿ ಬೇರು ಬಿಡಬೇಕು ಎಂಬ ಪ್ರಶ್ನೆ ಅವರೆದುರು ಆಗ ನಿಂತಿರಲೇಬೇಕು. ನೂರು ವರ್ಷಗಳ ಬಳಿಕ ಹೇಮಕೂಟದ ಬಂಡೆಯ ಮೇಲೆ ನಮ್ಮ ಹುಡುಗ ಕೇಳಿದ್ದೂ ಆ ಪ್ರಶ್ನೆಯನ್ನೇ.

ಚನ್ನಪ್ಪನವರು ಅದಕ್ಕೆ ಉತ್ತರವನ್ನು ಮಾತಿನಲ್ಲಿ ಕೊಡುವುದಕ್ಕಿಂತ ದುಡಿಮೆಯಲ್ಲಿ ಕೊಟ್ಟರು. ಸುವಾರ್ತೆ ಸಾರಲು ಹಳ್ಳಿಗಳನ್ನು ಸುತ್ತುವುದು ಅವರ ಕೆಲಸ. ಹಳ್ಳಿಗಳಲ್ಲಿ ಎತ್ತ ಹೋದರೂ ಸರ್ವಜ್ಞ. ರೈತ, ಕುಂಬಾರ, ಶೆಟ್ಟಿ, ಮಠದಯ್ಯ ಎಲ್ಲರ ನಾಲಗೆಯ ಮೇಲೂ ಅವನ ಮೂರು ಸಾಲಿನ ಪದ್ಯ. ಕುಲದ ಹೆಮ್ಮೆಯನ್ನು ಹಳಿದ, ಬರಿಯ ಆಚಾರವನ್ನು ನಕ್ಕು ತಳ್ಳಿದ, ಅನ್ನ ದಾನ ದುಡಿಮೆಗಳನ್ನು ಕೊಂಡಾಡಿದ ಆ ಅಲೆಮಾರಿಯ ಮಾತು ಸುವಾರ್ತಿಕರಾದ ಅವರ ಕಿವಿಗೆ ಹಿತವಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅವನ ಒಂದೆರಡು ವಚನಗಳನ್ನು ತಮ್ಮ ಪ್ರಸಂಗದಲ್ಲಿ ಬಳಸಿಕೊಂಡು ಸುಮ್ಮನಾಗಬಹುದಿತ್ತು. ಅವರು ಹಾಗೆ ಮಾಡದೆ ಆ ಕವಿಯನ್ನೇ ಪೂರ್ತಿಯಾಗಿ ಹುಡುಕಲು ಹೊರಟರು.

ಈ ಹುಡುಕಾಟ ಎಂಥ ಕಷ್ಟದ್ದೆಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಸರ್ವಜ್ಞ ತಾನೇ ಕುಳಿತು ಬರೆದಿಟ್ಟ ಗ್ರಂಥವೊಂದು ನಮಗೆ ಉಳಿದು ಬಂದಿಲ್ಲ. ಅವನ ವಚನಗಳು ಕೆಲವು ಓಲೆಗರಿಗಳಲ್ಲಿ, ಕೆಲವು ಕಾಗದದ ಹಳೆಯ ಪ್ರತಿಗಳಲ್ಲಿ, ಉಳಿದವು ಜನರ ಬಾಯಲ್ಲಿ ಚದುರಿಹೋಗಿದ್ದವು. ಒಂದೇ ವಚನ ಒಂದೊಂದು ಊರಿನಲ್ಲಿ ಒಂದೊಂದು ಬಗೆ. ತ್ರಿಪದಿಯ ಧಾಟಿ ಸುಲಭವಾದುದರಿಂದ ತಮ್ಮ ಮಾತಿಗೆ ಅವನ ಅಂಕಿತ ಹಚ್ಚಿದವರೂ ಇದ್ದರು. ಪಾದ್ರಿಯೊಬ್ಬರು ಮಠಕ್ಕೆ ಹೋಗಿ ಓಲೆಯ ಕಟ್ಟನ್ನು ಕೇಳಿದರೆ ಯಾರೇ ಆಗಲಿ ಒಂದು ಕ್ಷಣ ಅನುಮಾನಿಸಿಯಾರು. ಆ ಅನುಮಾನವನ್ನು ಗೆಲ್ಲಬೇಕು, ಪ್ರತಿಗಳನ್ನು ಒಂದಕ್ಕೊಂದು ತಾಳೆ ನೋಡಬೇಕು, ಪಾಠವನ್ನು ನಿರ್ಣಯಿಸಬೇಕು, ವಿಷಯವರಿತು ಜೋಡಿಸಬೇಕು. ಇದೆಲ್ಲವನ್ನೂ ಸಭೆಯ ಕೆಲಸದ ನಡುವೆಯೇ ನಡೆಸಿ, ಸುಮಾರು ಎರಡು ಸಾವಿರ ವಚನಗಳ ಸಂಪುಟವನ್ನು ಅವರು ೧೯೨೪ರಲ್ಲಿ ಹೊರತಂದರು. ಸರ್ವಜ್ಞನಿಗೆ ಸಾಹಿತ್ಯದ ಪಡಸಾಲೆಯಲ್ಲಿ ಗಟ್ಟಿಯಾದ ಸ್ಥಾನ ದೊರೆತದ್ದು ಆ ಸಂಪುಟದಿಂದ ಎಂದರೆ ಅತಿಶಯೋಕ್ತಿಯಾಗಲಾರದು.

ನಮ್ಮ ಬಳ್ಳಾರಿ ಸೀಮೆಯಲ್ಲಿ ಕನ್ನಡ ತೆಲುಗು ಎರಡೂ ಬಳಕೆಯಲ್ಲಿರುವುದರಿಂದ ಇಲ್ಲಿ ಒಂದು ಹೋಲಿಕೆ ತಾನಾಗಿ ನೆನಪಿಗೆ ಬರುತ್ತದೆ. ತೆಲುಗಿನ ವೇಮನನನ್ನು ಸಂಗ್ರಹಿಸಿ ೧೮೨೯ರಲ್ಲಿ ಅಚ್ಚು ಹಾಕಿಸಿದವರು ಕಂಪೆನಿ ಸರ್ಕಾರದ ಅಧಿಕಾರಿ ಬ್ರೌನ್ ಸಾಹೇಬರು. ತಮಿಳಿನ ತಿರುಕ್ಕುರಳನ್ನು ೧೮೮೬ರಲ್ಲಿ ಇಂಗ್ಲಿಷಿಗೆ ತಂದವರು ಪೋಪ್ ಪಾದ್ರಿಗಳು. ಅವರೆಲ್ಲರೂ ವಂದ್ಯರೇ, ಆದರೆ ದೂರದಿಂದ ಬಂದು ಬೆರಗಾಗಿ ನಿಂತ ಅತಿಥಿಗಳು. ಚನ್ನಪ್ಪನವರಾದರೋ ಮನೆಯ ಮಗ. ತಮ್ಮ ಪೂರ್ವಿಕರ ಆಸ್ತಿಯನ್ನು ಕಳೆದುಹೋಗದಂತೆ ಕಾಪಾಡಿ ಒಡಹುಟ್ಟಿದವರೆಲ್ಲರಿಗೂ ಹಂಚಿದರು.

ಈ ಕೆಲಸದಿಂದ ಅವರ ಕ್ರಿಸ್ತಭಕ್ತಿ ಸಡಿಲಿತೆಂದು ಯಾರೂ ಭಾವಿಸಬೇಕಾಗಿಲ್ಲ. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬುದು ಅವರ ಇನ್ನೊಂದು ಪ್ರಸಿದ್ಧ ಗ್ರಂಥ. ಆ ಹೆಸರನ್ನು ನಾನು ನಮ್ಮ ಯೌವನಸ್ಥರಿಗೆ ಬಿಡಿಸಿ ಹೇಳಿದೆ. ಯೇಸು ಹುಟ್ಟಿದ ಊರು ಹಿಂದೂಗಳ ಪುಣ್ಯಕ್ಷೇತ್ರದೊಡನೆ ಮಾತನಾಡುತ್ತಿದೆ; ಅಪ್ಪಣೆ ಮಾಡುತ್ತಿಲ್ಲ, ಖಂಡಿಸುತ್ತಿಲ್ಲ, ವಿನಂತಿಸಿಕೊಳ್ಳುತ್ತಿದೆ. ವಿನಂತಿ ಮಾಡುವವನು ಎದುರಿಗಿರುವವನ ಗೌರವವನ್ನು ಒಪ್ಪಿರುತ್ತಾನೆ. ಅಭಂಗ ಕೀರ್ತನಗಳ ಮೂಲಕ ಕ್ರಿಸ್ತನನ್ನು ಹಾಡಿದ ಮರಾಠಿ ಕವಿ ನಾರಾಯಣ ವಾಮನ ಟಿಳಕರ ಜೀವನವನ್ನೂ ಅವರು ಕನ್ನಡದಲ್ಲಿ ಬರೆದರು. ಕ್ರೈಸ್ತನಾಗುವುದೆಂದರೆ ತನ್ನ ನುಡಿ, ತನ್ನ ರಾಗ, ತನ್ನ ನೆಲವನ್ನು ತೊರೆಯುವುದಲ್ಲ ಎಂಬುದಕ್ಕೆ ಟಿಳಕರು ಜೀವಂತ ಸಾಕ್ಷಿಯಾಗಿದ್ದರು. ಚನ್ನಪ್ಪನವರ ಮನಸ್ಸು ಅತ್ತ ಒಲಿದದ್ದು ಸಹಜ.

ಸರ್ವಜ್ಞನಿಂದ ಅವರು ಶರಣರ ಕಡೆಗೆ ನಡೆದರು. ಮೋಳಿಗೆಯ ಮಾರಯ್ಯ, ಸಿದ್ಧರಾಮ ಮೊದಲಾದವರ ಸಾಹಿತ್ಯದ ಸಂಪಾದನೆಗೆ ಕೈಹಾಕಿದರು. ಹನ್ನೆರಡನೆಯ ಶತಮಾನದ ಅನುಭವ ಮಂಟಪ ನಿಜವಾಗಿಯೂ ಇತ್ತೇ, ಅಥವಾ ಅದು ಭಕ್ತರ ಕಲ್ಪನೆಯೇ ಎಂಬ ವಾದ ವಿದ್ವಾಂಸರಲ್ಲಿ ಎದ್ದಾಗ, ಅದರ ಐತಿಹಾಸಿಕತೆಯನ್ನು ಸ್ಥಾಪಿಸಲು ಆಧಾರಗಳನ್ನು ಕಲೆಹಾಕಿ ೧೯೫೧ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಬಸವಣ್ಣನವರ ಮಂಟಪಕ್ಕಾಗಿ ಕ್ರೈಸ್ತ ಪಾದ್ರಿಯೊಬ್ಬರು ವಕಾಲತ್ತು ವಹಿಸಿದ ದೃಶ್ಯವನ್ನು ನೆನೆದರೆ ಇಂದಿಗೂ ಮನಸ್ಸು ತುಂಬಿಬರುತ್ತದೆ. ಇಂಥವರನ್ನು ಎರಡೂ ಕಡೆಯವರು ಒಮ್ಮೊಮ್ಮೆ ಸಂದೇಹದಿಂದ ನೋಡುವುದು ಲೋಕರೂಢಿ. ಸೇತುವೆಯಾದವನು ಎರಡು ದಡಗಳ ಭಾರವನ್ನೂ ಹೊರಬೇಕಾಗುತ್ತದೆ.

ಕನ್ನಡನಾಡು ಅವರನ್ನು ಗುರುತಿಸದೆ ಬಿಡಲಿಲ್ಲ. ೧೯೪೯ರಲ್ಲಿ ಕಲಬುರ್ಗಿಯಲ್ಲಿ ನಡೆದ ಮೂವತ್ತೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಿಜಾಮರ ರಾಜ್ಯ ಭಾರತದಲ್ಲಿ ವಿಲೀನವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಮದರಾಸು ಪ್ರಾಂತ್ಯದ ಹಳ್ಳಿಯ ಹೆಸರನ್ನು ಹೊತ್ತು, ಮುಂಬಯಿ ಪ್ರಾಂತ್ಯದಲ್ಲಿ ದುಡಿದು, ನಿಜಾಮರಿಂದ ಬಿಡುಗಡೆ ಪಡೆದ ನೆಲದಲ್ಲಿ ನಿಂತು ಕನ್ನಡಿಗರೆಲ್ಲರ ಪರವಾಗಿ ಮಾತನಾಡುವ ಭಾಗ್ಯ ಅವರದಾಯಿತು. ತಿರುಳ್ಗನ್ನಡದ ತಿರುಕ ಎಂಬ ಬಿರುದು ಅವರಿಗೆ ಅನ್ವರ್ಥವಾಗಿ ಒಪ್ಪುತ್ತದೆ. ಮನೆಮನೆಗೆ ಹೋಗಿ ಅವರು ಬೇಡಿದ ಭಿಕ್ಷೆ ಕನ್ನಡದ ಮಾತು.

೧೯೫೩ರಲ್ಲಿ ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ೧೯೫೬ರಲ್ಲಿ ಬೇರೆ ಬೇರೆ ಆಡಳಿತಗಳ ಕನ್ನಡಿಗರು ಒಂದಾದರು. ಹಿರಿಯರ ಸೀಮೆಯಾದ ಹೂವಿನ ಹಡಗಲಿಯಲ್ಲಿ ಬಾಳಿನ ಸಂಜೆಯನ್ನು ಕಳೆದ ಚನ್ನಪ್ಪನವರು ಆ ದಿನವನ್ನೂ ಕಣ್ಣಾರೆ ಕಂಡರು. ೧೯೬೨ರ ಆಗಸ್ಟ್ ೨೮ರಂದು, ಎಂಬತ್ತು ತುಂಬಿದ್ದಾಗ, ಅವರು ತೀರಿಕೊಂಡರು.

ಈ ವೃತ್ತಾಂತವನ್ನು ಹೇಳಿ ಮುಗಿಸಿದ ಭಾನುವಾರ ನಾನು ಆ ಹುಡುಗನ ಮುಖ ನೋಡಿದೆ. ಅವನು ಏನೂ ಹೇಳಲಿಲ್ಲ. ಮುಂದಿನ ವಾರ ಬರುವಾಗ ಒಂದು ನೋಟ್‌ಬುಕ್ ತಂದಿದ್ದ. ಸಂಡೂರಿನಲ್ಲಿ ಅವರ ನೆರೆಮನೆಯ ಅಜ್ಜಿ, ಕ್ರೈಸ್ತಳಲ್ಲ, ಬೀಸುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಹೇಳಿಸಿಕೊಂಡು ಅದರಲ್ಲಿ ಬರೆದುಕೊಂಡಿದ್ದ, ಹನ್ನೊಂದು ಪದಗಳಿದ್ದವು. ಅಕ್ಷರ ತಪ್ಪುಗಳು ಬೇಕಾದಷ್ಟಿದ್ದವು. ಪ್ರಾರ್ಥನೆಯ ನಂತರ ಅವನು ಅವುಗಳನ್ನು ಓದಿದ. ಇತರರು ತಮ್ಮ ಮನೆಯ ಹಿರಿಯರಿಂದ ಕೇಳಿ ಬರುತ್ತೇವೆಂದರು. ಗುಡಿಗೋಪುರಗಳಿಗೆ ಆಕ್ಷೇಪಿಸಿದ್ದ ಹಿರಿಯರು ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು ಕೊನೆಯವರೆಗೂ ಕೇಳಿದರು. ಎದ್ದು ಹೋಗುವಾಗ, ತಮ್ಮ ತಾಯಿಗೂ ಅಂಥ ಕೆಲವು ಪದಗಳು ಬರುತ್ತಿದ್ದವೆಂದು ನನಗಷ್ಟೇ ಕೇಳುವಂತೆ ಹೇಳಿದರು. ಅಂದಿನಿಂದ ನಮ್ಮ ಕೂಟದ ಕ್ರಮದಲ್ಲಿ ಸತ್ಯವೇದದ ಪಾಠವಾದ ಮೇಲೆ, ಚಹಾಕ್ಕೆ ಮೊದಲು, ಆ ನೋಟ್‌ಬುಕ್ ತೆರೆಯುವ ಪದ್ಧತಿ ಸೇರಿದೆ.